ಕಲ್ಲುಹೂವು

ಕುಡುಗೋಲಿನ ತುದಿಯಲ್ಲಿ ಕೆರೆದು, ತೆಂಗಿನ ನಾರಿಗೆ ಇಟ್ಟಿಗೆ ಪುಡಿ ಹಚ್ಚಿ ಲಿಂಗಮ್ಮ ಕೊನೆಯ ಕಲ್ಲನ್ನೂ ಉಜ್ಜಿ ಮುಗಿಸಿದಳು. ಓದಿದವರು ನೋಡಲು ಬರುತ್ತಾರೆಂದರೆ ಕೊಳಕು ಕಲ್ಲು ತೋರಿಸಲಾದೀತೇ? ನೀರು ಹೊಯ್ದು, ಸೆರಗಿನಿಂದ ಒರೆಸಿ, ಒಂದೊಂದಕ್ಕೂ ವಿಭೂತಿ ಹಚ್ಚಿದಳು. ಮಗ್ಗೆ ಊರಿನ ಸ್ಮಶಾನದಲ್ಲಿ ಎಳೆಯ ಮಕ್ಕಳನ್ನು ಮಣ್ಣು ಮಾಡುವ ಮೂಲೆ ಅದು. ಹೆಸರಿಲ್ಲದ ಆ ಐದು ಕಲ್ಲುಗಳಲ್ಲಿ ಒಂದರ ಕೆಳಗೆ ಅವಳ ಮಗಳು ಪುಷ್ಪಾ ಮಲಗಿದ್ದಳು. ಯಾವುದರ ಕೆಳಗೆ ಎಂಬುದು ಮಾತ್ರ ಹೆತ್ತವಳಿಗೆ ಗೊತ್ತಿರಲಿಲ್ಲ.

ಅವರ ಮನೆತನದಲ್ಲಿ ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ. ಎಷ್ಟೋ ವರ್ಷದ ಹಿಂದೆ, ಆಗತಾನೆ ನಡೆಯಲು ಕಲಿತಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋದ ಗಂಡ ದೇವೀರಪ್ಪ ಬರಿಗೈಲಿ ಬಂದಿದ್ದ. ಎಲ್ಲಿಟ್ಟೆ ಎಂದು ಎಷ್ಟು ಸಲ ಕೇಳಿದ್ದಳೋ. "ಹೇಳಿದ್ರೆ ನೀನು ದಿನಾ ಹೋಗಿ ಅಲ್ಲೇ ಕೂತ್ಬುಡ್ತೀಯ ಕಣೆ" ಎಂದು ಬಾಯಿ ಮುಚ್ಚಿಸಿದ್ದ. ಪುಣ್ಯಾತ್ಮ, ಹೋದ ವರ್ಷ ಎದೆನೋವೆಂದು ಮಲಗಿದವನು ಆ ಗುಟ್ಟನ್ನೂ ಜೊತೆಗೇ ಕೊಂಡೊಯ್ದ. ಈಗ ರಸ್ತೆ ಅಗಲ ಮಾಡಲು ನಾಳೆ ಈ ಮೂಲೆಗೆ ಜೆಸಿಬಿ ಬರುತ್ತದೆ. ಅವರವರ ಮಗುವಿನ ಕಲ್ಲನ್ನೂ ಅದರಡಿಯ ಹಿಡಿ ಮಣ್ಣನ್ನೂ ಹೊಸ ಜಾಗಕ್ಕೆ ಒಯ್ಯಬೇಕೆಂದು ಊರವರು ತೀರ್ಮಾನಿಸಿದ್ದರು. ಕಂಡವರ ಮಗುವಿನ ಮಣ್ಣು ಮುಟ್ಟುವ ಹಾಗಿಲ್ಲ. ಉಳಿದ ನಾಲ್ಕು ಯಾರ ಮಕ್ಕಳವೆಂದು ತೋರಿಸುವವರೂ ಊರಲ್ಲಿ ಉಳಿದಿರಲಿಲ್ಲ.

ಗುಡ್ಡದ ಬಂಡೆ ಒಡೆದು ನೋಡಲು ಬಂದಿರುವ ಅಭಿಲಾಷ್ ಎಂಬ ಭೂವಿಜ್ಞಾನಿ ಕಲ್ಲಿನ ವಯಸ್ಸು ಹೇಳುತ್ತಾನೆಂದು ತಿಳಿಸಿದ್ದು, ಅವನ ಜೀಪು ಓಡಿಸುತ್ತಿದ್ದ ಮೈದುನನ ಮಗ ಮೋಹನ್. ಲಿಂಗಮ್ಮನಿಗೆ ಹೋದ ಜೀವ ಬಂದಂತಾಯಿತು. ಪುಷ್ಪಾಳಾದ ಮೇಲೆ ಆ ಮೂಲೆಗೆ ಇನ್ನೊಂದು ಮಗು ಹೋಗಿರಲಿಲ್ಲ. ಐದರಲ್ಲಿ ಚಿಕ್ಕ ವಯಸ್ಸಿನ ಕಲ್ಲು ಯಾವುದೆಂದು ಹೇಳಿದರೆ ಸಾಕಲ್ಲ!

ಮೋಹನ್ ಕರೆತಂದ ಅಭಿಲಾಷ್ ಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ವಿವರಿಸಿದ. ಕಾದು ಕರಗಿದ್ದು ಆರಿ ಕಲ್ಲಾಗುವಾಗ ಒಳಗೆ ಸಣ್ಣ ಹರಳುಗಳು ಹುಟ್ಟುತ್ತವೆ, ಅವುಗಳಲ್ಲಿರುವ ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಬರುತ್ತದೆ, ಎಷ್ಟು ಸೀಸವಾಗಿದೆಯೆಂದು ಅಳೆದು ವಯಸ್ಸು ಹೇಳುತ್ತಾರೆ. ಈ ಐದೂ ಇದೇ ಗುಡ್ಡದ ಚೂರುಗಳು, ಎಲ್ಲಕ್ಕೂ ಮುನ್ನೂರು ಕೋಟಿ ವರ್ಷ. ಕಲ್ಲು ಹುಟ್ಟಿದ್ದು ಯಾವಾಗ ಎಂದು ತಿಳಿಯುತ್ತದೆ, ಯಾರು ಯಾವಾಗ ತಂದಿಟ್ಟರೆಂದು ತಿಳಿಯುವುದಿಲ್ಲ.

"ಮುನ್ನೂರು ಕೋಟಿ ವರ್ಷದ್ದು ಸಿಗ್ತೈತೆ. ಮೊನ್ನೆ ಮೊನ್ನೆ ಹೋದ ನನ್ ಕೂಸಿಂದು ಸಿಗಾಕಿಲ್ವಾ ಸಾರ್?"

ಬೇರೆ ದಾರಿಯೇ ಇಲ್ಲವೇ ಎಂದು ಮೋಹನ್ ಕೇಳಿದ. ಒಂದಿದೆ ಎಂದ ಅಭಿಲಾಷ್. ಬಂಡೆ ಒಡೆದು ಹೊಸ ಮುಖ ಗಾಳಿ ಬಿಸಿಲಿಗೆ ಬಂದ ಮೇಲೆ ಅದಕ್ಕೆ ಕಲ್ಲುಹೂವು ಹತ್ತುತ್ತದೆ, ವರ್ಷಕ್ಕೆ ಕೂದಲೆಳೆಯಷ್ಟು ಹರಡುತ್ತದೆ, ಎಲ್ಲಕ್ಕಿಂತ ಸಣ್ಣ ಹೂವಿರುವ ಕಲ್ಲೇ ಈಚಿನದು. ಹೇಳುತ್ತಾ ಹೇಳುತ್ತಾ ಎದುರಿನ ಕಲ್ಲುಗಳನ್ನು ಸರಿಯಾಗಿ ನೋಡಿ ಮಾತು ನಿಲ್ಲಿಸಿದ.

"ಯಾವ್ದು ಸಾರ್?" ಎಂದಳು ಲಿಂಗಮ್ಮ. "ಬೂದಿ ಬಣ್ಣಕ್ಕೆ ಚಕ್ಕೆ ಚಕ್ಕೆ ಇರ್ತದಲ್ಲ, ಅದಾ?"

ಅವನು ತಲೆ ತಗ್ಗಿಸಿದ.

"ನೀವು ಬತ್ತೀರ ಅಂತ ನಾನೇ ಉಜ್ಬುಟ್ನಲ್ಲ ಸಾರ್."

ಒಂದು ಕಲ್ಲು ಕೈಗೆ ಕಷ್ಟವನ್ನೇ ಕೊಟ್ಟಿರಲಿಲ್ಲವೆಂದು ಅವಳಿಗೆ ಆಗ ನೆನಪಾಯಿತು. ಸುಮ್ಮನೆ ನಾರು ಆಡಿಸುವಷ್ಟರಲ್ಲಿ ಬೆಳ್ಳಗಾಗಿತ್ತು. ಆ ಗಳಿಗೆ ಮಗಳ ಮೇಲೇ ಕೈಯಿಟ್ಟಿದ್ದಳು. ಬೇಲಿ ಕಡೆಯದೋ, ನಡುವಿನದೋ? ಒಂದೊಂದನ್ನೂ ತಡವಿದಳು. ಐದೂ ಒಂದೇ ನುಣುಪಾಗಿದ್ದವು.

"ಏಳು ದೊಡ್ಡಮ್ಮ, ಮನೆಗೋಗನ" ಎಂದು ಮೋಹನ್ ರಟ್ಟೆ ಹಿಡಿದ. ಅವಳು ಏಳಲಿಲ್ಲ. ಮೊದಲ ಕಲ್ಲಿನ ಹತ್ತಿರ ಬಗ್ಗಿ, ಮಲಗಿದ ಮಗುವನ್ನು ಎಬ್ಬಿಸುವ ದನಿಯಲ್ಲಿ "ಪುಷ್ಪಾ" ಎಂದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಎರಡನೆಯದರ ಹತ್ತಿರಕ್ಕೆ ಸರಿದಳು.