ಗೌರಮ್ಮನವರ ಬಿನ್ನವತ್ತಳೆ

ಸುಬ್ಬರಾಯರು ಬಿನ್ನವತ್ತಳೆ ಓದಿ ಕನ್ನಡಕ ತೆಗೆದರೂ ಸಭೆಗೆ ನಂಬಿಕೆ ಬರಲಿಲ್ಲ. ಮುಗಿಯಿತೇ? ರಾಯರ ಬಿನ್ನವತ್ತಳೆ ಎಂದರೆ ಕೂಸುಗಳು ನಿದ್ದೆ ಹೋಗಿ, ಎದ್ದು, ಮತ್ತೆ ಅಳುವಷ್ಟು ಉದ್ದವಿರಬೇಕು.

ವಡೋದರಾದ ಕನ್ನಡ ಸಂಘದಲ್ಲಿ, ವರ್ಗವಾಗಿಯೋ ನಿವೃತ್ತರಾಗಿಯೋ ಊರಿಗೆ ಹೊರಟವರಿಗೆ ಕಟ್ಟು ಹಾಕಿಸಿದ ಬಿನ್ನವತ್ತಳೆ ಕೊಡುವುದು ವಾಡಿಕೆ. ಬರೆಯುವುದು ಬ್ಯಾಂಕಿನ ಸುಬ್ಬರಾಯರ ಹಕ್ಕು. ಅವರ ಭಾಷೆಯನ್ನು ಹೆಂಡತಿ ಪ್ರೇಮಾ ಶಬ್ದಾಡಂಬರ ಎನ್ನುತ್ತಿದ್ದಳು, ಹುಡುಗರು ‘ಓವರ್’ ಎನ್ನುತ್ತಿದ್ದರು, ಅವರೊಬ್ಬರು ಮಾತ್ರ ಪ್ರೌಢಶೈಲಿ ಎನ್ನುತ್ತಿದ್ದರು.

ಈ ಸಲ ಸಂಘದ ಹೊಸ ಕಾರ್ಯದರ್ಶಿ ನಿಶ್ಚಿತಾ, ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕೈ ಮುಗಿದೇಬಿಟ್ಟಿದ್ದಳು. “ಅಂಕಲ್, ಪ್ಲೀಸ್! ಇದು ಎರಡು ಸಾವಿರದ ಮೂರು. ನಾರ್ಮಲ್ ಕನ್ನಡ ಸಾಕು. ಗೌರಮ್ಮ ಆಂಟಿಗೇ ಅರ್ಥ ಆಗಲ್ಲ.”

ರಾಯರಿಗೆ ಚುರುಕ್ಕೆಂದಿತು. ಆದರೆ ಹಬ್ಬಹಬ್ಬಕ್ಕೂ ಇಡೀ ಸಂಘಕ್ಕೆ ಅಡುಗೆ ಮಾಡಿ ಬಡಿಸಿದ ಗೌರಮ್ಮ, ರೈಲ್ವೆಯಲ್ಲಿದ್ದ ಗಂಡ ನಿವೃತ್ತರಾದ್ದರಿಂದ ಹಾಸನಕ್ಕೆ ಹೊರಟಿದ್ದರು. ಆಕೆಯ ಬೀಳ್ಕೊಡುಗೆ ನಗೆಪಾಟಲಾಗಬಾರದೆಂದು ಹಲ್ಲು ಕಚ್ಚಿ ಬರೆದರು: ‘ಗೌರಮ್ಮನವರೇ, ನಮಗೆಲ್ಲ ಪ್ರೀತಿಯಿಂದ ಬಡಿಸಿದಿರಿ. ನಿಮ್ಮ ಸಾರು ಚೆನ್ನಾಗಿತ್ತು. ಊರಲ್ಲಿ ಸುಖವಾಗಿರಿ.’

ಚಪ್ಪಾಳೆ ಜೋರಾಗಿಯೇ ಬಿತ್ತು. ಗೌರಮ್ಮ ಮಾತ್ರ ಕೈಗೆ ಬಂದ ಕಟ್ಟನ್ನು ತಿರುಗಿಸಿ ಹಿಂದುಗಡೆಯನ್ನೂ ನೋಡಿದರು.

“ಇಷ್ಟೇನಾ ರಾಯರೇ?”

“ಸರಳವಾಗಿರ್ಲಿ ಅಂತ…”

“ಆ ಇನ್ಶೂರೆನ್ಸ್ ಗುಂಡಪ್ಪೋರಿಗೆ ಎಷ್ಟುದ್ದ ಓದಿದ್ರಿ! ಅಡುಗೆಮನೇಲಿ ಹುಳಿ ಕಲಕ್ತಾ ಕೇಳಿಸ್ಕೊಂಡೆ. ಒಂದಕ್ಷರ ತಿಳೀಲಿಲ್ಲ, ಆದ್ರೂ ಮೈ ಜುಂ ಅಂತು. ನಂಗೂ ಒಂದಿನ ಹಂಗೇ ಓದ್ತಾರೆ ಅಂದ್ಕೊಂಡಿದ್ದೆ.” ಆಕೆ ಕಟ್ಟನ್ನು ಮಡಿಲಲ್ಲಿ ಮಗುಚಿಟ್ಟರು. “ಸಾರು ಚೆನ್ನಾಗಿತ್ತು ಅಂತ ನಮ್ಮನೆಯೋರೂ ಹೇಳ್ತಾರೆ ಬಿಡಿ.”

ರಾಯರಿಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು. ಎಂಥೆಂಥವರಿಗೋ ವಿಶೇಷಣಗಳನ್ನು ಸುರಿದು, ಅನ್ನ ಹಾಕಿದವಳಿಗೆ ಜಿಪುಣತನ ಮಾಡಿದ್ದರು. ಮುಂದಿನ ಸಾಲಿನಿಂದ ಪ್ರೇಮಾ ಪಿಸುಗುಟ್ಟಿದಳು, ಅದು ಸಭೆಗೆಲ್ಲ ಕೇಳಿಸಿತು: “ರೀ, ಏನ್ ನೋಡ್ತಾ ನಿಂತಿದ್ದೀರಾ? ಶುರು ಮಾಡ್ರೀ!”

ರಾಯರು ಕೋಟಿನ ಗುಂಡಿ ಹಾಕಿಕೊಂಡರು. ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಹೇ ಪಾಕಶಾಸ್ತ್ರಪಾರಂಗತೇ! ಷಡ್ರಸಸಾಮ್ರಾಜ್ಯಸಾರ್ವಭೌಮೇ! ತಿಂತ್ರಿಣೀಮರೀಚಸಂಯೋಗಚತುರೇ! ಗುರ್ಜರದೇಶದ ಮಧುರದಾಲ್‌ಪೀಡಿತ ಕನ್ನಡಕುಲದ ಜಠರಾಗ್ನಿಯನ್ನು…”

ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಗೌರಮ್ಮ ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿ ಕೂತರು. ಇವತ್ತೂ ಒಂದಕ್ಷರ ತಿಳಿಯಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು.

ವಿಶೇಷಣಗಳು ಮುಗಿಯುವ ಲಕ್ಷಣವಿರಲಿಲ್ಲ. ಅಡುಗೆಮನೆಯ ಬಾಗಿಲಿಂದ ಯಾರೋ ಇಣುಕಿ, ಸಾರು ಆರುತ್ತಿದೆ ಎಂದು ಸನ್ನೆ ಮಾಡಿದರು. ಊಟ ಆರಿದರೆ ಅಧ್ಯಕ್ಷರನ್ನೂ ಗದರಿಸಿ ಎಬ್ಬಿಸುತ್ತಿದ್ದ ಗೌರಮ್ಮ, ರಾಯರ ಮುಖದಿಂದ ಕಣ್ಣು ತೆಗೆಯದೆ, ಆರಲಿ ಬಿಡು ಎಂಬಂತೆ ಕೈಯಾಡಿಸಿದರು.