ಬಾಣಂತಿಯ ಪಾಲಿನ ಸಾರು

ಹಸಿದವರಿಗೆ ಉಣಿಸುವ ಕೈಯಲ್ಲಿ ದೇವರಿರುತ್ತಾನೆ ಎನ್ನುತ್ತಾರೆ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಟೈಲರಕ್ಕನ ಕೈ ಅಂಥದ್ದು. ಬಾಣಂತಿಗೆಂದು ಒಂಬತ್ತು ದಿನದಿಂದ ಒಂದೊಂದು ಬೋಗುಣಿ ಕೋಳಿ ಸಾರು ತಂದುಕೊಡುತ್ತಿದ್ದಳು. ಅತ್ತೆ ಅದನ್ನು ಬಾಗಿಲಲ್ಲೇ ಇಸಿದುಕೊಂಡು, ದೇವರಿಗೆ ಕೈಮುಗಿದು, ಅಡುಗೆಮನೆಯಲ್ಲಿ ಕುಳಿತು ತಾನೇ ಕುಡಿಯುತ್ತಿದ್ದಳು. ಸೊಸೆಗೆ ಬರೀ ತಿಳಿಗಂಜಿ. ಅವಳ ಎದೆಹಾಲು ಬತ್ತುತ್ತಿತ್ತು. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತ್ತು.

ಹತ್ತನೆಯ ದಿನ ಅತ್ತೆ ಬಾಗಿಲಲ್ಲಿ, "ಮಲಗಿದಾಳೆ, ಎದ್ದಮೇಲೆ ಕೊಡ್ತೀನಿ ಕಣಮ್ಮ," ಎನ್ನುವಾಗ ಸೊಸೆ ಒಳಗಿನಿಂದಲೇ ಕೂಗಿದಳು: "ಎದ್ದಿದೀನಿ ಅಕ್ಕಾ, ಒಳಗೆ ಬನ್ನಿ."

ಟೈಲರಕ್ಕ ಮಂಚದ ಅಂಚಿಗೆ ಕುಳಿತು ಬೋಗುಣಿ ಕೊಟ್ಟಳು. ಮೊದಲ ಗುಟುಕಿಗೇ ಸೊಸೆಯ ಕಣ್ಣು ತುಂಬಿ ಬಂತು. ಕೋಳಿಯ ತುಂಡುಗಳನ್ನು ಬಾಯಿ ತುಂಬ ತುರುಕಿಕೊಂಡಳು.

"ಕಣ್ಣೀರು ನೋಡಿದ್ಯಾ?" ಅತ್ತೆ ಮೆಲ್ಲಗೆ ಹೇಳಿದಳು. "ನಿನ್ನ ಸಾರು ಗಂಟಲಲ್ಲಿ ಇಳಿಯಲ್ಲ ಅಂತ ದಿನಾ ಗೊಣಗ್ತಾಳೆ. ನಿನ್ನೆದುರು ಹೇಳೋಕೆ ಸಂಕೋಚ. ಚೆಲ್ಲಿದ್ರೆ ಪಾಪ ಬರುತ್ತಲ್ಲ, ನಾನೇ ಹೇಗೋ ಕುಡಿದು ಮುಗಿಸ್ತಿದ್ದೆ ತಾಯಿ."

ಟೈಲರಕ್ಕನ ಮುಖ ಸಪ್ಪಗಾಯಿತು. "ಮೊದ್ಲೇ ಹೇಳಬಾರದಿತ್ತಾ? ನಿಜಾನೇನೆ ತಂಗಿ?"

ಬಾಯಿ ತುಂಬಿದ್ದ ಸೊಸೆ ಅಲ್ಲವೆಂದು ಜೋರಾಗಿ ತಲೆಯಾಡಿಸಿದಳು. ಸಾರು ಬೇಡವೆನ್ನುತ್ತಿದ್ದಾಳೆಂದು ತಿಳಿದ ಟೈಲರಕ್ಕ ಬೋಗುಣಿ ಎತ್ತಿಕೊಂಡಳು. "ಒತ್ತಾಯಕ್ಕೆ ನುಂಗಬೇಡ. ಇನ್ನು ತರಲ್ಲ ಬಿಡು."

ಬಾಯಲ್ಲಿದ್ದುದನ್ನು ಉಗುಳಿದರೆ ಸೊಸೆ ಮಾತಾಡಬಹುದಿತ್ತು. ಹಸಿವು ಉಗುಳಗೊಡಲಿಲ್ಲ. ಅವಳು ಅಗಿದು ನುಂಗುವಷ್ಟರಲ್ಲಿ ಅತ್ತೆ ಟೈಲರಕ್ಕನನ್ನು ಕಳಿಸಿ ಹೊರಬಾಗಿಲಿಗೆ ಚಿಲಕ ಹಾಕಿ ಬಂದಿದ್ದಳು.