ಕಿವಿಯಲ್ಲಿದ್ದ ಉಸಿರು

ಗುಬ್ಬಿ ಅದೇ ಕುರ್ಚಿಯನ್ನು ಮೂರನೆಯ ಸಲ ಒಳಗಿನಿಂದ ಅಂಗಳಕ್ಕೆ ತಂದಿಟ್ಟಳು. ಅಂಗಳದಲ್ಲಿ ಕುರ್ಚಿಗಳಿಗೇನೂ ಬರ ಇರಲಿಲ್ಲ. ಕೈಗೊಂದು ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ, ಅಷ್ಟೇ. ನಡುಮನೆಯಲ್ಲಿ ಮೇಷ್ಟ್ರು ಬಿಳಿ ಹೊದಿಕೆಯಡಿ ಮಲಗಿದ್ದರು. ಮೂವತ್ತು ವರ್ಷ ಊರಿನ ಮಂದಿಗೆ ಪ್ಯಾರಾಗ್ಲೈಡರ್ ಹಾರಿಸುವುದನ್ನು ಕಲಿಸಿದ ಮನುಷ್ಯ. ಕಾಲಿನ ಒಂದು ಬೆರಳನ್ನೂ ಮುರಿದುಕೊಂಡವರಲ್ಲ. ನಿನ್ನೆ ನೆಲದ ಮೇಲೆ ನಿಂತಿದ್ದಾಗಲೇ ಹೃದಯ ಕೈಕೊಟ್ಟಿತ್ತು.

"ಪುಣ್ಯಾತ್ಮ ಕಣ್ರೀ," ಎಂದ ಮೇಷ್ಟ್ರ ಬಾಮೈದ, ಹೊಸದಾಗಿ ಬಂದವರಿಗೆ. "ಒಂದೇ ಏಟಿಗೆ ಹೋಗ್ಬಿಟ್ರು. ಏನೂ ಗೊತ್ತೇ ಆಗಿರಲ್ಲ."

"ಮದುವೆ ಮನೆಗೂ ಹೊತ್ತಿಗೆ ಸರಿಯಾಗಿ ಹೋದೋರಲ್ಲ," ಎಂದ ಶಿಷ್ಯರನ್ನು ಗುಡ್ಡ ಹತ್ತಿಸುವ ಜೀಪಿನ ಡ್ರೈವರ್. "ಇದಕ್ಕೊಂದು ಅವಸರ ನೋಡಿ." ನಗಲು ಹೋಗಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

ಒಂದೇ ಏಟಿಗೆ! ಬೆಳಗ್ಗಿನಿಂದ ಆ ಮಾತನ್ನು ಗುಬ್ಬಿ ಎಷ್ಟು ಸಲ ಕೇಳಿದ್ದಳೋ. ಅದು ಸುಳ್ಳೆಂದು ಗೊತ್ತಿದ್ದವಳು ಅವಳೊಬ್ಬಳೇ. ನಾಲ್ಕು ಗಂಟೆಗೆ ಮೇಷ್ಟ್ರನ್ನು ಒಯ್ಯುತ್ತಾರೆ. ಅಷ್ಟರೊಳಗೆ ಮೇಷ್ಟ್ರ ಹೆಂಡತಿಗೆ, ಶಿಷ್ಯರೆಲ್ಲ ಅಮ್ಮ ಎನ್ನುವವರಿಗೆ, ಹೇಳಬೇಕು, ಇಲ್ಲದಿದ್ದರೆ ಬದುಕಿರುವ ತನಕ ನುಂಗಿಕೊಂಡಿರಬೇಕು. ಹೇಳಿದರೆ ಈ ಮನೆಯ ಬಾಗಿಲು ಅವಳ ಪಾಲಿಗೆ ಮುಚ್ಚಿದ ಹಾಗೆಯೇ.

*

"ಹನ್ನೊಂದಾಯ್ತು. ನೆಲ ಕಾದಿದೆ, ಗಾಳಿ ಕುದೀತಿದೆ. ಸಾಕು, ಜೀಪಲ್ಲಿ ಇಳಿದು ಬಾ," ಎಂದಿದ್ದರು ಮೇಷ್ಟ್ರು ನಿನ್ನೆ, ಕೆಳಗಿನ ಬಯಲಿನಿಂದ ಗುಡ್ಡದ ಮೇಲಿದ್ದ ಅವಳಿಗೆ, ರೇಡಿಯೋದಲ್ಲಿ. ಬೇಕರಿಯಲ್ಲಿ ಹಿಟ್ಟು ನಾದುವ ಗುಬ್ಬಿಗೆ ವಾರಕ್ಕೆ ಸಿಗುವುದೇ ಒಂದು ರಜೆ. ಕೇಳಿಸದವಳಂತೆ ಗುಡ್ಡದ ಅಂಚಿಗೆ ಓಡಿ ಹಾರಿಯೇಬಿಟ್ಟಳು.

ಅರ್ಧ ದಾರಿಯಲ್ಲಿ ತಲೆಯ ಮೇಲೆ ಪಟಾರೆಂದು ಸದ್ದಾಯಿತು. ರೆಕ್ಕೆಯ ಎಡ ಭಾಗ ಒದ್ದೆ ಬಟ್ಟೆಯಂತೆ ಮಡಚಿ ಜೋತುಬಿದ್ದಿತ್ತು. ಉಳಿದದ್ದು ಅವಳನ್ನು ಎಡಕ್ಕೆ, ಗುಡ್ಡದ ಕಡೆಗೇ ತಿರುಗಿಸತೊಡಗಿತು. ಹೆದರಿದವರೆಲ್ಲ ಮಾಡುವ ತಪ್ಪನ್ನೇ ಅವಳೂ ಮಾಡಿದಳು: ಎರಡೂ ಕೈಯಲ್ಲಿದ್ದ ಬ್ರೇಕಿನ ಹಗ್ಗಗಳನ್ನು ಸೊಂಟದ ತನಕ ಎಳೆದು ಹಿಡಿದಳು. ಹಾಗೇ ಹಿಡಿದಿದ್ದರೆ ತೆರೆದಿದ್ದ ಭಾಗವೂ ಹಾರುವುದನ್ನು ನಿಲ್ಲಿಸುತ್ತಿತ್ತು.

"ಕೈ ಮೇಲೆ, ಗುಬ್ಬಿ." ಮೇಷ್ಟ್ರ ದನಿಯಲ್ಲಿ ಬೈಗುಳವಿರಲಿಲ್ಲ. "ಎಳೀಬೇಡ. ಬಲಕ್ಕೆ ವಾಲು. ತೆರೆದಿರೋ ಕಡೆಗೆ ಮೈಭಾರ ಹಾಕು. ಬಲಗೈ ಒಂಚೂರು, ನೇರ ಹೋಗೋಷ್ಟು ಮಾತ್ರ. ಮೊದಲು ದಾರಿ ಸರಿಮಾಡ್ಕೋ, ರೆಕ್ಕೆ ಆಮೇಲೆ. ಹಾಂ... ಈಗ ಎಡಗೈ. ಉದ್ದಕ್ಕೆ ಒಂದ್ಸಲ ಎಳೆದು..."

ಮಾತು ಅಲ್ಲಿಗೆ ನಿಂತಿತು. ಅವಳು ಎಳೆದು ಬಿಟ್ಟಳು. ಮಡಿಕೆ ಬಿಚ್ಚಿಕೊಂಡು ರೆಕ್ಕೆ ಗಾಳಿ ತುಂಬಿಕೊಂಡಿತು.

"ಮೇಷ್ಟ್ರೇ, ತೆರೀತು! ತೆರೀತು ಮೇಷ್ಟ್ರೇ!"

ಕಿವಿಯಲ್ಲಿ ಬರೀ ಉಸಿರು. ಆ ರೇಡಿಯೋದ ಗುಂಡಿ ಒತ್ತಿದ್ದಷ್ಟು ಹೊತ್ತು ಮಾತಾಡಬಹುದೇ ಹೊರತು ಕೇಳಿಸಿಕೊಳ್ಳಲು ಆಗುವುದಿಲ್ಲ. ಕೆಳಗೆ ಬಯಲಿನಲ್ಲಿ ಕುಸಿದುಬಿದ್ದಿದ್ದ ಮೇಷ್ಟ್ರ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಅವರ ಉಸಿರು ಅವಳ ಕಿವಿಗೆ ಬರುತ್ತಿತ್ತು, ಅವಳ ಕೂಗು ಅವರಿಗೆ ಹೋಗಲಿಲ್ಲ. ಹೀಗೆ ಆರೇಳು ನಿಮಿಷ. ಅವಳ ಕಾಲು ನೆಲಕ್ಕೆ ತಾಗುವ ಮುಂಚೆ ಉಸಿರೂ ನಿಂತಿತು. ಓಡಿಹೋಗಿ ಬಿಡಿಸಿದಾಗ ಆ ಬೆರಳು ಇನ್ನೂ ಬೆಚ್ಚಗಿತ್ತು.

*

ಮೂರೂವರೆಗೆ ಗುಬ್ಬಿ ಮಲಗುವ ಕೋಣೆಗೆ ಹೋದಳು. ಅಮ್ಮ ಮಂಚದ ತುದಿಯಲ್ಲಿ ಕುಳಿತು ತಲೆ ಬಾಚಿಕೊಳ್ಳುತ್ತಿದ್ದರು. ಗುಬ್ಬಿ ಅವರ ಕಾಲ ಬಳಿ ಕುಸಿದಳು.

"ಅಮ್ಮಾ, ನನ್ನಿಂದಲೇ ಆಗಿದ್ದು. ನಾನೇ ಹೆದರಿಸಿ ಸಾಯಿಸಿಬಿಟ್ಟೆ."

ಒಂದನ್ನೂ ಬಿಡದೆ ಹೇಳಿದಳು. ಅಮ್ಮನ ಬಾಚಣಿಗೆ ಕೂದಲಲ್ಲೇ ನಿಂತಿತು. ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡಳು ಗುಬ್ಬಿ. ಬಾರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಬೇಡ ಅಂದಿದ್ರಾ?"

"ಹೂಂ."

"ಆದ್ರೂ ಹಾರ್ದೆ."

"ಹೂಂ."

"ಹಾಳಾದೋಳೇ," ಎಂದರು ಅಮ್ಮ. ಬಾಚಣಿಗೆಯನ್ನು ಕೂದಲಿನಿಂದ ಬಿಡಿಸಿ ಮಂಚದ ಮೇಲಿಟ್ಟರು. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. "ಎಲ್ಲರೂ ಒಂದೇ ಏಟಿಗೆ ಅಂತಾರೆ. ನನಗೆ ನಂಬಿಕೆ ಬರ್ಲಿಲ್ಲ ಕಣೇ. ಆ ಬಯಲಲ್ಲಿ ಒಬ್ಬರೇ ಎಷ್ಟು ಹೊತ್ತು ಬಿದ್ದಿದ್ರೋ ಅಂತ ನಿನ್ನೆಯಿಂದ ಹೊಟ್ಟೆ ಉರೀತಿದೆ. ಹೇಗಿತ್ತು ಆ ಉಸಿರು? ಒದ್ದಾಡ್ತಿದ್ರಾ? ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡ."

ಗುಬ್ಬಿ ಬಾಯಿ ತೆರೆದಳು. ಅದು ಮಾತಿಗೆ ಸಿಗುವಂಥದ್ದಾಗಿರಲಿಲ್ಲ. ಎದ್ದು ಅಮ್ಮನ ಪಕ್ಕ ಕುಳಿತಳು. ಅವರ ಕಿವಿಯ ಹತ್ತಿರ ಬಾಯಿ ತಂದು, ಕೇಳಿದ್ದನ್ನು ಕೇಳಿದ ಹಾಗೆಯೇ ಉಸಿರಾಡಿ ತೋರಿಸಿದಳು. ಉದ್ದಕ್ಕೆ ಒಳಗೆ. ಒಂದು ತಡೆ. ಮೂಗಿನಲ್ಲಿ ಸಣ್ಣದೊಂದು ಗೊರಕೆ. ಆಮೇಲೆ ಮೆಲ್ಲಗೆ ಹೊರಗೆ.

"ಅಯ್ಯೋ," ಎಂದರು ಅಮ್ಮ, ಆ ಗೊರಕೆಗೆ. "ಅಯ್ಯೋ, ಅವರೇ! ದಿನಾ ರಾತ್ರಿ ನಿದ್ದೇಲಿ ಹೀಗೇ ಕಣೇ!" ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು.

"ಹೊತ್ತಾಯ್ತಮ್ಮಾ," ಎಂದ ಜೀಪಿನ ಡ್ರೈವರ್, ಬಾಗಿಲಿನಿಂದ.

ಅಮ್ಮ ಕೈಯೆತ್ತಿ ಅವನನ್ನು ತಡೆದರು. ಕಾಲು ಮೇಲೆತ್ತಿಕೊಂಡು, ಮಂಚದಲ್ಲಿ ತಾವು ದಿನಾ ಮಲಗುವ ಬದಿಗೆ ಒರಗಿದರು. ಕಣ್ಣು ಮುಚ್ಚಿ, ಕಿವಿಯ ಮೇಲಿನ ಕೂದಲನ್ನು ಸರಿಸಿ, ಗುಬ್ಬಿಯ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.